ನೋಡಲಿಲ್ಲ ಎಂದು ಬರೆದವರು

ಹಗಲು ಹೊತ್ತಿನಲ್ಲಿ ಇದ್ದಿನ್‌ಬೇಲರು ತಲೆ ಎತ್ತಿದ್ದನ್ನು ಬ್ಯಾಬಿಲೋನಿನಲ್ಲಿ ಯಾರೂ ಕಂಡಿರಲಿಲ್ಲ. ಬಿಸಿಲಿಗೆ ಕಣ್ಣು ಕೊಟ್ಟರೆ ಸಂಜೆಗೆ ಏನು ಉಳಿದೀತು ಎಂಬುದು ಅವರ ವಾದ. ಹೀಗಾಗಿ ಖರ್ಜೂರದ ಕಲೆಗಳ ಕಂದು ಉಣ್ಣೆಯ ನಿಲುವಂಗಿಯನ್ನು ಎಳೆಯುತ್ತ, ಕಳೆದುಹೋದ ಉಂಗುರ ಹುಡುಕುವವರ ಹಾಗೆ ನೆಲ ನೋಡಿಕೊಂಡು ನಡೆಯುವ ಈ ಮನುಷ್ಯ, ಸೂರ್ಯ ಮುಳುಗಿದ್ದೇ ತಡ, ಬೇಲ್ ದೇವರ ಗುಡಿಯ ಮಾಳಿಗೆಯಲ್ಲಿ ಕತ್ತು ನೀಳ ಮಾಡಿ, ಯೌವನ ಮರಳಿ ಬಂದಂತೆ ನಿಂತುಬಿಡುತ್ತಿದ್ದರು. ಚಂದ್ರ ಎಲ್ಲಿ, ಗುರು ಎಲ್ಲಿ, ನದಿ ಎಷ್ಟು ಏರಿತು, ಎಲ್ಲವನ್ನೂ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿ ಬರೆಯುವುದು ಅವರ ವಂಶಪಾರಂಪರ್ಯದ ಕಾಯಕ. ಆ ಜೇಡಿ ಹದ ಮಾಡುತ್ತಿದ್ದವನು ನಾನು. ಮೊಳೆಯಂಥ ಆ ಅಕ್ಷರ ನನಗೆ ಬಾರದು. ಬರುವವರೇ ಊರಲ್ಲಿ ಬೆರಳೆಣಿಕೆಯಷ್ಟಿದ್ದರು.

“ಕಂಡದ್ದಷ್ಟು” ಎಂಬುದು ಅವರ ಪ್ರತಿ ಮಾತಿನ ಬಾಲ. “ನಿಮ್ಮ ತಮ್ಮ ಊಟಕ್ಕೆ ಬರ್ತಾನಾ?” ಎಂದು ಹೆಂಡತಿ ಕೇಳಿದರೆ, “ಬಾಗಿಲಲ್ಲಿ ಇನ್ನೂ ಕಂಡಿಲ್ಲ” ಎನ್ನುವರು. “ಇವರನ್ನ ಕಟ್ಕೊಂಡ ದಿನ ಯಾವ ಗ್ರಹ ಎಲ್ಲಿತ್ತೋ!” ಎಂದು ಆಕೆ ಈರುಳ್ಳಿ ಹೆಚ್ಚುತ್ತ ಗೊಣಗಿದರೆ, “ಶುಕ್ರ ಕಾಣಿಸಿರಲಿಲ್ಲ ಕಣೇ” ಎಂಬ ಉತ್ತರ ತಕ್ಷಣ ಬರುತ್ತಿತ್ತು.

ಒಮ್ಮೆ ಯವನ ವರ್ತಕನೊಬ್ಬ ಮಗನ ಜಾತಕ ಕೇಳಲು ಬಂದ.

“ನನ್ನ ಮಗ ದೊಡ್ಡ ಮನುಷ್ಯ ಆಗ್ತಾನಾ ಅಯ್ಯಾ?”

“ಹುಟ್ಟಿದಾಗ ಗುರು ಧನುವಿನಲ್ಲಿದ್ದ. ಶನಿ ಕಾಣಲಿಲ್ಲ. ಕಂಡದ್ದಷ್ಟು.”

ವರ್ತಕ ಎದ್ದು ನೇರವಾಗಿ ನಾಟಕಶಾಲೆಯ ಅಂಗಳಕ್ಕೆ ಹೋದ. ಅಲ್ಲಿ ಒಂದು ಸಲವೂ ಆಕಾಶ ನೋಡದೆ ಕೂಸುಗಳಿಗೆಲ್ಲ ಸಿಂಹಾಸನ ಹಂಚುವ ಬಾಯಿಬಡುಕನೊಬ್ಬ ಕೂತಿರುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

“ಎರಡು ಒಳ್ಳೆ ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಆಕಾಶ ದೇವರ ಬರಹ ಕಣಯ್ಯ. ಮೊದಲು ಅಕ್ಷರ ಸರಿಯಾಗಿ ಕಾಣಲಿ. ಅರ್ಥ ಹೇಳೋಕೆ ಆಮೇಲೆ ಬೇಕಾದಷ್ಟು ಜನ ಇದ್ದಾರೆ.”

ಆ ಬೇಕಾದಷ್ಟು ಜನರೇ ಕೊನೆಗೆ ಗೆದ್ದರು. ಊರೆಲ್ಲ ಅವರತ್ತಲೇ ಹೋಗುತ್ತಿರುವಾಗ, ಮಾಳಿಗೆಯಲ್ಲಿ ಆಕಾಶ ಕಾಯುವ ಈ ಕಾವಲು ಇನ್ನೇತಕ್ಕೆ ಎಂಬ ಪ್ರಶ್ನೆ ಗುಡಿಯ ಹಿರಿಯರಲ್ಲಿ ಎದ್ದಿತು. ಇಪ್ಪತ್ತೊಂಬತ್ತನೆಯ ದಿನ ಹೊತ್ತು ಮುಳುಗುವಾಗ ಎಳೆಚಂದ್ರ ಕಂಡರೆ ಹೊಸ ತಿಂಗಳು, ಕಾಣದಿದ್ದರೆ ಹಳೆಯ ತಿಂಗಳಿಗೇ ಮೂವತ್ತು ದಿನ. ಈ ಸಲ ಕಾಣುತ್ತದೆಂದು ಇದ್ದಿನ್‌ಬೇಲರು ಲೆಕ್ಕ ಹಾಕಿದ್ದರು. ಲೆಕ್ಕ ನಿಜವಾದರೆ ಕಾವಲು ಉಳಿಯುತ್ತದೆ, ಇಲ್ಲವಾದರೆ ಮಾಳಿಗೆಗೆ ಬೀಗ ಎಂದು ಹಿರಿಯರು ತೀರ್ಮಾನಿಸಿ, ಆ ಸಂಜೆ ತಾವೇ ಮೆಟ್ಟಿಲೇರಿ ಬಂದರು.

ಪಶ್ಚಿಮದಲ್ಲಿ ಮರಳುಗಾಡಿನ ಧೂಳು ಗೋಡೆಯಂತೆ ಎದ್ದು ನಿಂತಿತ್ತು.

ಹಿರಿಯರಲ್ಲಿ ಮೆತ್ತನೆಯ ಮನಸ್ಸಿನವರೊಬ್ಬರು ಬಗ್ಗಿ ಅಂದರು: “ಚಂದ್ರ ಧೂಳಿನ ಹಿಂದೆ ಇದ್ದೇ ಇದ್ದಾನೆ. ನಿಮ್ಮ ಲೆಕ್ಕದ ಮೇಲೆ ನಮಗೆ ನಂಬಿಕೆ ಇದೆ. ಕಂಡ ಅಂತ ಬರೆದುಬಿಡಿ, ಎಲ್ಲ ಮುಗೀತು.”

“ಬರೀರಿ ಅಣ್ಣಾ!” ಎಂದು ನಾನೂ ಹಲ್ಲು ಕಚ್ಚಿದೆ.

ಇದ್ದಿನ್‌ಬೇಲರು ಕತ್ತಲಾಗುವವರೆಗೂ ಆ ಧೂಳನ್ನೇ ನೋಡಿ, ಕಡ್ಡಿ ಒತ್ತಿ, ತಾವು ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಧೂಳು. ನೋಡಲಿಲ್ಲ.”

ಮರುದಿನ ಸಂಜೆ ಚಂದ್ರ ಎಷ್ಟು ಎತ್ತರದಲ್ಲಿ, ಎಷ್ಟು ದಪ್ಪಗೆ ಮೂಡಿದನೆಂದರೆ, ಹಿಂದಿನ ದಿನವೂ ಇದ್ದನೆಂದು ದನ ಕಾಯುವವರೂ ಹೇಳಬಹುದಿತ್ತು. ಮಾಳಿಗೆಗೆ ಆಗಲೇ ಬೀಗ ಬಿದ್ದಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಅವರು ಜೇಡಿ ಸುಡುವ ನನ್ನ ಆವಿಗೆಯ ಬೂದಿಗುಡ್ಡೆ ಹತ್ತಿ ನಿಂತು, “ಇಲ್ಲಿಂದಲೂ ಚೆನ್ನಾಗಿ ಕಾಣುತ್ತೆ. ಜೇಡಿ ಕೊಡ್ತೀಯಾ?” ಎಂದರು.

ಏಳು ವರ್ಷ ಕೊಟ್ಟೆ. ಯಾರೂ ಕೇಳದ, ಯಾರೂ ಓದದ ಆ ಬರಹಕ್ಕೆ ನನ್ನ ಕೈಯ ಅತ್ಯುತ್ತಮ ಜೇಡಿ ಹೋಯಿತು. ಒಂದು ಮಧ್ಯಾಹ್ನ ಅವರು ತೀರಿಕೊಂಡರು. ಆ ದಿನದ ಹಲಗೆ ಒದ್ದೆ ಬಟ್ಟೆಯಡಿ ಹಸಿಯಾಗಿಯೇ ಇತ್ತು. ನೋಡಿ ನೋಡಿ ನನಗೆ ಅಭ್ಯಾಸವಾಗಿದ್ದ ಪದ ಒಂದೇ. ಸೂರ್ಯ ಮುಳುಗಿದ ಮೇಲೆ ಅವರ ಕಡ್ಡಿ ತೆಗೆದುಕೊಂಡು, ವಕ್ರವಕ್ರವಾಗಿ ಅದನ್ನೇ ಒತ್ತಿದೆ: ನೋಡಲಿಲ್ಲ.

ನಾಳೆ ಏನಾಗುತ್ತದೆಂದು ಹೇಳುವವರು ಯಾವ ಕಾಲಕ್ಕೂ ಕಡಿಮೆಯಾಗುವುದಿಲ್ಲ. ಇಂದು ತನಗೆ ಕಾಣದ್ದನ್ನು ಕಾಣಲಿಲ್ಲವೆಂದೇ ಬರೆದು, ಆ ಒಂದು ಮಾತಿಗಾಗಿ ಮಾಳಿಗೆಯಿಂದ ಬೂದಿಗುಡ್ಡೆಗೆ ಇಳಿದು, ಅಲ್ಲಿಯೂ ಕತ್ತೆತ್ತಿ ನಿಲ್ಲುವ ಜನ ಒಬ್ಬೊಬ್ಬರಾಗಿ ಹೋದಂತೆಲ್ಲ ಆಕಾಶದ ಒಂದೊಂದು ಸಂಜೆ ಸಾಕ್ಷಿಯಿಲ್ಲದೆ ಕಳೆಯುತ್ತದೆ.