ಪರಪರ ಪಟ್ಟಿ

ನನಗೊಂದು ಸಣ್ಣ ಚಿಂತೆ ಇದೆ. ಯಾರಿಗೂ ಹೇಳುವಂಥದ್ದಲ್ಲ, ಹೇಳಲಿಕ್ಕೆ ದನಿ ಬೇಕು, ಚಿಂತೆಯಿರುವುದೇ ಅದರ ಬಗ್ಗೆ. ದಿನವಿಡೀ ಮಾತಾಡದೆ ಕಳೆದುಬಿಟ್ಟರೆ ಸಂಜೆಯ ಹೊತ್ತಿಗೆ ದನಿ ಗಂಟಲಲ್ಲೇ ತುಕ್ಕು ಹಿಡಿದಿರಬಹುದೇ ಎಂಬ ಅನುಮಾನ ಬರುತ್ತದೆ. ಆಗ ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಒಮ್ಮೆ "ಹಲೋ" ಎಂದು ನೋಡಿಕೊಳ್ಳುತ್ತೇನೆ. ಇದೆ. ಸಣ್ಣಗಿದೆ, ಆದರೆ ಇದೆ.

ಇಂಥ ನನಗೆ ಕೆಲಸ ಸಿಕ್ಕಿದ್ದು ಸದ್ದು ಮಾಡದೆ ಬಿಚ್ಚಲು ಬಾರದ ಒಂದು ವಸ್ತುವಿನ ನಡುವೆ. ವೆಲ್ಕ್ರೋ. ಒಂದು ಕಡೆ ಒರಟು, ಇನ್ನೊಂದು ಕಡೆ ಮೆತ್ತಗೆ; ಒತ್ತಿದರೆ ಅಂಟುತ್ತದೆ, ಎಳೆದರೆ ಪರ್ರ್ ಎನ್ನುತ್ತದೆ. ನಮ್ಮಲ್ಲಿ ಅದರ ಹೆಸರೇ ಪರಪರ ಪಟ್ಟಿ.

ನಮ್ಮಲ್ಲಿ ಎಂದರೆ ಚಿಕ್ಕಪ್ಪ-ಚಿಕ್ಕಮ್ಮನ ಕಾರ್ಖಾನೆಯಲ್ಲಿ. ಕಾರ್ಖಾನೆ ಎನ್ನುವುದು ಚಿಕ್ಕಪ್ಪನ ಮಾತು. ಸೈಕಲ್ ಅಂಗಡಿಯ ಮೇಲಿರುವ ಉದ್ದನೆಯ ಕೋಣೆ ಅದು. ಒಂದು ತುದಿಯಲ್ಲಿ ಚಿಕ್ಕಪ್ಪನ ಕತ್ತರಿ ಮೇಜು, ಇನ್ನೊಂದು ತುದಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಚಿಕ್ಕಮ್ಮನ ಹೊಲಿಗೆ ಯಂತ್ರ, ನಡುವೆ ಸ್ಪಂಜಿನ ಹಾಳೆಗಳ ರಾಶಿಯ ಹಿಂದೆ ನಾನು. ದೋಣಿಯಲ್ಲಿ ಹುಟ್ಟು ಹಾಕುವವರಿಗೆ ಬೇಕಾದ ಸಾಮಾನು ಹೊಲಿಯುತ್ತೇವೆ: ಲೈಫ್ ಜಾಕೆಟ್, ತೋಳಿನೊಳಗೆ ನೀರು ನುಗ್ಗದಂತೆ ಮಣಿಕಟ್ಟಿಗೆ ಬಿಗಿಯುವ ಪಟ್ಟಿ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರಿಗೆ ಕಾಲುಪಟ್ಟಿ. ಕಾಲುಪಟ್ಟಿಯ ಹಗ್ಗದ ತುದಿ ಹಲಗೆಗೆ, ಇನ್ನೊಂದು ತುದಿ ಕಾಲಿಗೆ. ಮನುಷ್ಯ ಬಿದ್ದರೂ ಹಲಗೆ ಅವನನ್ನು ಬಿಟ್ಟು ಗಾಳಿಯ ಜೊತೆ ಓಡಿಹೋಗಬಾರದಲ್ಲ, ಅದಕ್ಕೆ. ಒದ್ದೆಯಾಗಿ ಮರಗಟ್ಟಿದ ಬೆರಳಿಗೆ ಗುಂಡಿ, ಗಂಟು ಯಾವುದೂ ಆಗಿಬರುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಪರಪರ ಪಟ್ಟಿಯೇ ಗತಿ.

ಒರಟು ಕಡೆಗೆ ಚಿಕ್ಕಪ್ಪ "ನಿಮ್ಮ ಚಿಕ್ಕಮ್ಮ" ಎನ್ನುತ್ತಾರೆ, ಮೆತ್ತನೆಯ ಕಡೆಗೆ "ನಾನು".

"ರೀ, ಅಂಟ್ಕೊಂಡು ಬಂದಿದ್ದು ಯಾರು, ಅದನ್ನೂ ಹೇಳಿ ಹುಡುಗಿಗೆ," ಎಂದು ಚಿಕ್ಕಮ್ಮ ತಿರುಗಿ ನೋಡದೆಯೇ ಹೇಳುತ್ತಾರೆ.

ಅವರು ತಿರುಗಿ ನೋಡುವುದೇ ಇಲ್ಲ. ಅವರಿಗೆ ಕಿವಿ ಸಾಕು. ಇದು ನಮ್ಮ ಕಾರ್ಖಾನೆಯ ಪದ್ಧತಿ. ಹೊಲಿದಾದ ಪ್ರತಿಯೊಂದು ಪಟ್ಟಿಯನ್ನೂ ನಾನು ಒತ್ತಿ, ಎಳೆದು, ಸದ್ದು ಮಾಡಬೇಕು. ಆ ತುದಿಯಿಂದ ತೀರ್ಪು ಬರುತ್ತದೆ. "ಪಾಸು." "ಪಾಸು." "ಅದರಲ್ಲಿ ನೂಲು ಸಿಕ್ಕೊಂಡಿದೆ, ತೆಗಿ." ನೋಡಿದರೆ ನಿಜಕ್ಕೂ ಕೂದಲೆಳೆಯಷ್ಟು ನೂಲು ಸಿಕ್ಕಿಕೊಂಡಿರುತ್ತದೆ. ಮಾಲು ತಂದುಕೊಡುವವರು ಚಿಕ್ಕಮ್ಮನ ಕಣ್ಣಿಗೆ ಹೆದರುವುದಿಲ್ಲ, ಕಿವಿಗೆ ಹೆದರುತ್ತಾರೆ. ಒಮ್ಮೆ ಚಿಕ್ಕಪ್ಪ "ಇದು ಸ್ವಲ್ಪ ಸಡಿಲ ಇರೋ ಹಾಗಿದೆ ಕಣೇ" ಎಂದು ಅವರ ತೀರ್ಪಿನ ಮೇಲೆ ಬಾಯಿ ಹಾಕಿ, ಮುಂದಿನ ಎಷ್ಟೋ ದಿನ ತಮ್ಮ ಊಟ ತಾವೇ ಬಡಿಸಿಕೊಂಡರಂತೆ.

ನಾನು ಓದಿದ್ದು ಸಸ್ಯಶಾಸ್ತ್ರ. ಪದವಿ ಮುಗಿದ ಮೇಲೆ ಹೋದ ಸಂದರ್ಶನಗಳಲ್ಲೆಲ್ಲ ನನ್ನ ಉತ್ತರ ನಾನು ಬಾಗಿಲು ದಾಟಿದ ಮೇಲೆ ಹೊರಗೆ ಬರುತ್ತಿತ್ತು. ಆಗ ಚಿಕ್ಕಮ್ಮನೇ ಮನೆಗೆ ಬಂದು, "ಗುಮ್ಮಿ ನನ್ ಜೊತೆ ಇರ್ಲಿ ಬಿಡಕ್ಕಾ. ಬಾಯಿ ಮಾತಾಡ್ದಿದ್ರೆ ಏನಂತೆ, ಕೈ ಮಾತಾಡಿದ್ರೆ ಸಾಕು," ಎಂದು ಅಮ್ಮನಿಗೆ ಹೇಳಿ ಕರೆತಂದರು. ಗುಮ್ಮನಗುಸುಕಿ ಎಂಬುದನ್ನು ಪ್ರೀತಿಯಿಂದ ಮೊಟಕು ಮಾಡಿ ಅವರೇ ಇಟ್ಟ ಹೆಸರು ಗುಮ್ಮಿ. ಹಾಗೆ ಕರೆತಂದವರ ಕಿವಿಯಲ್ಲಿ ತಪ್ಪು ಹುಡುಕುವ ಪಾಳಿ ನನಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕೆರೆಯಲ್ಲಿ ಮಕ್ಕಳಿಗೆ ಹಲಗೆ ನಡೆಸಲು ಕಲಿಸುವ ದೋಣಿ ಮೇಷ್ಟ್ರು ಒಂದು ಚೀಲದ ತುಂಬ ಕಾಲುಪಟ್ಟಿ ಬೇಕೆಂದಿದ್ದರು. ಹಳೆಯ ಸುರುಳಿ ಮುಗಿಯುತ್ತ ಬಂದಿತ್ತು. ಮಾಲಿನವನು ಎರಡು ಹೊಸ ಸುರುಳಿ ತಂದ. ಎರಡೂ ಕಪ್ಪು, ಎರಡೂ ಒಂದೇ ಅಗಲ. ಚಿಕ್ಕಮ್ಮ ಕಣ್ಣು ಮುಚ್ಚಿ ಕೂತು ಎರಡನ್ನೂ ಎಳೆಸಿದರು. ಒಂದು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ 'ಪರ್' ಎಂದು ಸುಮ್ಮನಾಯಿತು. ಇನ್ನೊಂದು ಆಕಾಶ ಹರಿದ ಹಾಗೆ 'ಪರ್‌ರ್‌ರ್' ಎಂದಿತು.

"ಇದು! ಇದು ನೋಡು ಗಂಟಲು ಅಂದ್ರೆ!" ಎಂದು ಚಿಕ್ಕಮ್ಮ ಎರಡನೆಯದನ್ನು ಇಳಿಸಿಕೊಂಡರು.

ಗಂಟಲು ನಿಜವೇ. ಅಂದಿನಿಂದ ನಾನು ಒಂದೊಂದು ಪಟ್ಟಿ ಎಳೆದಾಗಲೂ ಕೆಳಗಿನ ಸೈಕಲ್ ಅಂಗಡಿಯವರು ಕತ್ತೆತ್ತಿ ನೋಡುತ್ತಿದ್ದರು. ಚಿಕ್ಕಪ್ಪ ಬೆಚ್ಚಿದವರಂತೆ ನಟಿಸಿ, "ಅಯ್ಯೋ, ಯಾರ್ ಪ್ಯಾಂಟು ಹರೀತು?" ಎಂದು ತಮ್ಮದನ್ನೇ ಹಿಂದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪ್ರತಿ ಸಲವೂ ಅದೇ ತಮಾಷೆ, ಪ್ರತಿ ಸಲವೂ ನನ್ನ ಕಿವಿ ಕೆಂಪಗಾಗುವುದು.

ಕೊನೆಗೆ ಸದ್ದಿನ ಕಾಟ ತಾಳದೆ ನಾನೊಂದು ಉಪಾಯ ಮಾಡಿದೆ. ಚಿಕ್ಕಮ್ಮ ದಾರ ತರಲು ಹೊರಗೆ ಹೋಗಿದ್ದರು. ಒದ್ದೆ ಬಟ್ಟೆ ಒಣ ಬಟ್ಟೆಯಷ್ಟು ಸದ್ದು ಮಾಡುವುದಿಲ್ಲ ಎಂದುಕೊಂಡು ನೆಲ ಒರೆಸುವ ಬಕೆಟ್ಟಿಗೆ ಹೊಸ ನೀರು ತುಂಬಿ, ಒಂದು ಕಾಲುಪಟ್ಟಿಯನ್ನು ಅದರಲ್ಲಿ ಮುಳುಗಿಸಿ ಚಹಾ ಕುಡಿಯಲು ಹೋದೆ. ಬಂದು ಎಳೆದೆ. 'ಪ್ಚ್' ಎಂದಿತು. ಸಂತೋಷವಾಯಿತು. ಮತ್ತೆ ಒತ್ತಿ ಎಳೆದೆ. 'ಪ್ಚ್.' ಆಮೇಲೆ ಸಂತೋಷ ಮೆಲ್ಲಗೆ ಇಳಿಯಿತು. ಸದ್ದಷ್ಟೇ ಅಲ್ಲ, ಹಿಡಿತವೂ ಹೋಗಿತ್ತು. ಎರಡೇ ಬೆರಳಲ್ಲಿ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಳ್ಳುತ್ತಿತ್ತು.

ಹಳೆಯ ಸುರುಳಿಯ ತುಂಡೊಂದನ್ನು ಹುಡುಕಿ ಅದನ್ನೂ ನೆನೆಸಿದೆ. ಅದು ಒದ್ದೆಯಲ್ಲೂ ಹಲ್ಲು ಕಚ್ಚಿ ಹಿಡಿದುಕೊಂಡಿತು. ಎರಡೂ ಸುರುಳಿಗಳ ಒಳಗಿನ ರಟ್ಟು ತಿರುಗಿಸಿ, ಅದರ ಮೇಲೆ ಅಚ್ಚಾಗಿದ್ದನ್ನು ಓದಿದೆ. ಹಳೆಯದು ಪಾಲಿಯೆಸ್ಟರ್, ಹೊಸದು ನೈಲಾನ್. ನೈಲಾನ್ ನೀರು ಕುಡಿಯುತ್ತದೆ, ಕುಡಿದಾಗ ಅದರ ಪುಟ್ಟ ಕೊಕ್ಕೆಗಳು ಮೆತ್ತಗಾಗುತ್ತವೆ. ಒಣಗಿದರೆ ಮತ್ತೆ ಮೊದಲಿನ ಹಾಗೇ ಗರ್ಜನೆ. ಒಣ ಕೋಣೆಯಲ್ಲಿ ಕೂತು ಕೇಳಿದವರಿಗೆ ಅದರ ಗುಟ್ಟು ತಿಳಿಯುವುದೇ ಇಲ್ಲ.

ಈಗ ಇದನ್ನು ಚಿಕ್ಕಮ್ಮನಿಗೆ ಹೇಳಬೇಕು. ಅಂದರೆ, ಹೇಳದೆ ತಿಳಿಸಬೇಕು.

ಮೊದಲು, ಪಟ್ಟಿ ನೆನೆಸಿದ ಬಕೆಟ್ಟನ್ನು ತಂದು ಅವರ ಕುರ್ಚಿಯ ಪಕ್ಕದಲ್ಲೇ ಇಟ್ಟೆ. ಬಗ್ಗಿ ನೋಡುತ್ತಾರೆ, ಎತ್ತುತ್ತಾರೆ, ಎಳೆಯುತ್ತಾರೆ, ಎಲ್ಲ ತಾನೇ ತಿಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಚಿಕ್ಕಮ್ಮ ಬಂದರು, ಕೂತರು, ನೋಡಿದರು, ಚಪ್ಪಲಿ ಬಿಟ್ಟು ಎರಡೂ ಪಾದಗಳನ್ನು ಬಕೆಟ್ಟಿನೊಳಗೆ ಇಳಿಸಿ, "ಹಾ..." ಎಂದು ಕಣ್ಣು ಮುಚ್ಚಿದರು.

"ನೋಡ್ರೀ, ಕಾಲು ಸೋತಿದೆ ಅಂತ ಬಾಯಿಬಿಟ್ಟು ಹೇಳ್ದೆ ಇದ್ರೂ ತಿಳ್ಕೊಂಡು ನೀರು ಇಟ್ಟಿದ್ದಾಳೆ. ಹೊಟ್ಟೇಲಿ ಹುಟ್ಟಿದೋರು ಕೂಡ ಹೀಗೆ ಮಾಡಲ್ಲ."

"ನಂಗೆ ಹೊಳೀಲೇ ಇಲ್ಲ ನೋಡು," ಎಂದರು ಚಿಕ್ಕಪ್ಪ.

"ನಿಮಗೆ ಯಾವತ್ತು ಏನು ಹೊಳೆದಿದೆ?"

ಪಟ್ಟಿ ಅವರ ಅಂಗಾಲಿನ ಕೆಳಗೆ ಸುಮ್ಮನೆ ಬಿದ್ದಿತ್ತು.

ಎರಡನೆಯದಾಗಿ, ಕಥೆಯ ದಾರಿ ಹಿಡಿದೆ. ಚಿಕ್ಕಪ್ಪನಿಗೆ ಕಥೆ ಎಂದರೆ ಪ್ರಾಣ. ಅವರ ಕಿವಿಗೆ ಹಾಕಿದರೆ ಅದು ಚಿಕ್ಕಮ್ಮನನ್ನು ತಲುಪುತ್ತದೆ. ಸ್ಪಂಜು ಎತ್ತಿಕೊಡುವ ನೆಪದಲ್ಲಿ ಅವರ ಮೇಜಿನ ಹತ್ತಿರ ಹೋಗಿ, ಆದಷ್ಟು ಮೆಲ್ಲಗೆ ಶುರು ಮಾಡಿದೆ. "ಚಿಕ್ಕಪ್ಪ, ಈ ಪಟ್ಟಿ ಹುಟ್ಟಿದ್ದು ಒಂದು ಗಿಡದಿಂದ ಗೊತ್ತಾ? ಒಬ್ರು ಎಂಜಿನಿಯರು ನಾಯಿ ಕರ್ಕೊಂಡು ಗುಡ್ಡದಲ್ಲಿ ತಿರುಗಾಡೋಕೆ ಹೋಗಿದ್ರಂತೆ. ವಾಪಸ್ ಬಂದಾಗ ಬಟ್ಟೆಗೆ, ನಾಯಿ ಮೈಗೆ ಎಲ್ಲ ಮುಳ್ಳುಕಾಯಿ ಅಂಟ್ಕೊಂಡಿತ್ತು..."

"ಯಾವ ಜಾತಿ ನಾಯಿ?"

"ಬೇಟೆ ನಾಯಿ ಅಂತ ಕಾಣುತ್ತೆ. ಅವ್ರು ಆ ಕಾಯಿನ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ್ರೆ, ಮೈತುಂಬ ಪುಟ್ಟ ಪುಟ್ಟ ಕೊಕ್ಕೆ..."

"ಪಾಪ, ನಾಯಿಗೆ ನೋವಾಗಿರ್ಬೇಕು."

"ಅದನ್ನ ನೋಡೇ ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಕುಣಿಕೆ ಮಾಡಿದ್ರೆ ಅಂಟುತ್ತೆ ಅಂತ ಹೊಳೀತು. ಮೊದ್ಲು ಹತ್ತಿಲಿ ಮಾಡಿಸಿದ್ರು, ಬೇಗ ಸವೆದುಹೋಯ್ತು. ಆಮೇಲೆ ನೈಲಾನ್..." ಇಲ್ಲಿಂದ ನೀರಿಗೆ ಒಂದೇ ಜಿಗಿತ. ನಾನು ಉಸಿರು ತೆಗೆದುಕೊಂಡೆ.

"ತಾಳು ತಾಳು. ನಾಯಿ ಏನಾಯ್ತು?"

"ಏನಾಯ್ತು ಅಂದ್ರೆ?"

"ಅಲ್ಲ, ಇಷ್ಟೆಲ್ಲ ಹೆಸರು ಬಂತಲ್ಲ ಅವ್ರಿಗೆ. ಮುಳ್ಳು ಹೊತ್ಕೊಂಡು ಬಂದಿದ್ದು ನಾಯಿ. ಅದಕ್ಕೇನು ಕೊಟ್ರು? ಒಂದು ಮೂಳೆನಾದ್ರೂ?"

ಆ ಮಧ್ಯಾಹ್ನವೆಲ್ಲ ಚಿಕ್ಕಪ್ಪ ನಾಯಿಗಾದ ಅನ್ಯಾಯದ ಬಗ್ಗೆಯೇ ಮಾತಾಡಿದರು. ಚಿಕ್ಕಮ್ಮನಿಗೆ ಕಥೆ ತಲುಪಿತು ನಿಜ, ಆದರೆ ಅದರಲ್ಲಿ ನೈಲಾನ್ ಇರಲಿಲ್ಲ, ಗಿಡವೂ ಇರಲಿಲ್ಲ. ಬರೀ ನಾಯಿ ಇತ್ತು, ಅದೂ ಕೊನೆಯಲ್ಲಿ ಮನೆ ಬಿಟ್ಟು ಹೋಗಿತ್ತು.

ಮರುದಿನ ಮಧ್ಯಾಹ್ನ ದೋಣಿ ಮೇಷ್ಟ್ರು ಬಂದೇಬಿಟ್ಟರು. ಬಿಸಿಲಿಗೆ ಮೂಗು ಸುಲಿದ, ಮೆಟ್ಟಿಲು ಹತ್ತುವಾಗಲೇ ಮಾತು ಶುರು ಮಾಡುವ ಮನುಷ್ಯ.

"ಅಕ್ಕಾ, ರೆಡಿನಾ? ನಾಳೆ ಬೆಳಗ್ಗೆ ಹೊಸ ಮಕ್ಕಳು ನೀರಿಗೆ ಇಳೀತಾರೆ. ಹೋದ್ಸಲ ಒಂದು ಪುಟಾಣಿ ಕೆರೆ ಮಧ್ಯ ಬಿದ್ಲು. ಕಾಲುಪಟ್ಟಿ ಹಳೇದು, ಕಿತ್ತೋಯ್ತು. ಗಾಳಿಗೆ ಹಲಗೆ ಆ ದಡ ಸೇರ್ತು. ಲೈಫ್ ಜಾಕೆಟ್ ಇತ್ತು, ತೇಲ್ತಾ ಇದ್ಲು, ಸರಿ. ಆದ್ರೆ ನಾನು ತಲುಪೋ ಹೊತ್ಗೆ ಅತ್ತೂ ಅತ್ತೂ ದನೀನೇ ನಿಂತೋಗಿತ್ತು. ಆಮೇಲೆ ಅವ್ಳು ಕೆರೆ ಕಡೆ ತಲೆ ಹಾಕಿಲ್ಲ."

"ಇನ್ನು ಹಾಗಾಗಲ್ಲ ಬಿಡಿ ಮೇಷ್ಟ್ರೇ," ಎಂದು ಚಿಕ್ಕಮ್ಮ ಯಂತ್ರ ನಿಲ್ಲಿಸಿ ಎದ್ದರು. "ಇದನ್ನ ಕೇಳಿ." ಅವರು ಪಟ್ಟಿ ಎಳೆದರು. ಕೋಣೆ ನಡುಗಿತು.

"ಅಯ್ಯೋ, ಯಾರ್ ಪ್ಯಾಂಟು..." ಎಂದು ಚಿಕ್ಕಪ್ಪ ಶುರುಮಾಡಿ, ಗಿರಾಕಿ ಎದುರಿಗಿರುವುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಭಲೇ ಅಕ್ಕಾ! ನಿಮ್ಮ ಕಿವಿ ದಾಟಿ ಬಂದಿದೆ ಅಂದ್ಮೇಲೆ ನಾನು ಇನ್ನೇನು ನೋಡೋದು?" ಮೇಷ್ಟ್ರು ಚೀಲ ಬಿಡಿಸಿ ಕಾಲುಪಟ್ಟಿಗಳನ್ನು ತುಂಬತೊಡಗಿದರು.

ಕೆರೆಯ ನಡುವೆ ದನಿ ನಿಂತುಹೋದ ಆ ಪುಟಾಣಿಯನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಬಾಯಿಯ ಬದಲು ಕಾಲೇ ಮುಂದಾಯಿತು. ಬೆಳಗಿನಿಂದ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಕಾಲುಪಟ್ಟಿಯನ್ನು ತೆಗೆದು ನನ್ನ ಕಾಲಿಗೆ ಬಿಗಿದುಕೊಂಡೆ, ಕಾಲನ್ನು ಬಕೆಟ್ಟಿನಲ್ಲಿ ಅದ್ದಿ, ಹಾಗೇ ನೀರು ಸುರಿಸಿಕೊಂಡು ಕುಂಟುತ್ತ ಕೋಣೆಯ ನಡುವೆ ಬಂದು ನಿಂತೆ. ಪಟ್ಟಿಯ ಹಗ್ಗದ ತುದಿಯನ್ನು ಮೇಷ್ಟ್ರ ಕಡೆ ಚಾಚಿದೆ. ಎಳೆಯಲಿ, ಬಿಚ್ಚಿಕೊಳ್ಳಲಿ, ನಾನು ಬದುಕಿದೆ ಎಂದುಕೊಂಡೆ.

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು.

"ಆಹಾ, ಕಾಲಿಗೆ ಎಷ್ಟು ಚೆನ್ನಾಗಿ ಕೂತಿದೆ! ಒದ್ದೆ ಮಾಡ್ಕೊಂಡೇ ತೋರಿಸ್ತಿದ್ದಾರಲ್ಲ!"

"ಮತ್ತೆ? ನಮ್ಮ ಗುಮ್ಮಿ ಅಂದ್ರೆ ಏನಂದ್ಕೊಂಡ್ರಿ? ನಾಚ್ಕೊಂಡ್ರೂ ಗಿರಾಕಿಗೆ ಹಾಕಿ ತೋರಿಸ್ತಾಳೆ," ಎಂದರು ಚಿಕ್ಕಮ್ಮ. ಅವರ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ ನನಗೆ ಅಳು ಬಂತು.

"ಒಂದು ಸುತ್ತು ತಿರುಗು ಗುಮ್ಮಿ, ಹಿಂದಿನಿಂದ್ಲೂ ನೋಡ್ಲಿ," ಎಂದರು ಚಿಕ್ಕಪ್ಪ.

ಹಗ್ಗದ ತುದಿ ನನ್ನ ಕೈಯಲ್ಲೇ ಉಳಿಯಿತು. ಮೇಷ್ಟ್ರು ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದರು. "ಬರ್ತೀನಿ ಅಕ್ಕಾ," ಎಂದು ಮೆಟ್ಟಿಲ ಕಡೆ ತಿರುಗಿದರು. ಒಂದು ಮೆಟ್ಟಿಲು ಇಳಿದರು. ಚಿಕ್ಕಮ್ಮ ಕುರ್ಚಿಯ ಕಡೆ ಹೊರಟರು. ನೀರು ನನ್ನ ಪಾದದಿಂದ ಮರದ ನೆಲದ ಸಂದಿಗೆ ಇಳಿಯುತ್ತಿತ್ತು; ಕೆಳಗಿನಿಂದ ಸೈಕಲ್ ಅಂಗಡಿಯವರು "ಯಾರ್ರೀ ಮೇಲೆ ನೀರು ಚೆಲ್ತಿರೋದು?" ಎಂದು ಕೂಗಿದರು.

"ನಿಲ್ಲಿ!"

ಎಲ್ಲರೂ ತಿರುಗಿದರು. ಕೂಗಿದ್ದು ಯಾರೆಂದು ಚಿಕ್ಕಪ್ಪ ಸುತ್ತಲೂ ನೋಡಿದರು. ಚಿಕ್ಕಮ್ಮ ಮಾತ್ರ ನೇರ ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸದ್ದು ಕೇಳಿ ಅವರು ತಿರುಗಿದ್ದು ಅದೇ ಮೊದಲು.

"ಚಿಕ್ಕಮ್ಮಾ," ಎಂದೆ, "ನೀವು ಕೇಳಿದ್ದು ಒಣಗಿದ ಸದ್ದು. ನೀರಲ್ಲಿ ಈ ಪಟ್ಟಿ ಹಿಡಿಯಲ್ಲ."