ಬೀಗ ಹಾಕಿದ್ದು ಯಾರು

ರೇಡಿಯೋ ಸ್ಟುಡಿಯೋದ ಕೆಂಪು ದೀಪ ಹತ್ತಿಕೊಂಡಿತು. ಅಸಿಯಾತು ಕುರ್ಚಿಯ ಅಂಚಿಗೆ ಸರಿದಳು.

"ಅಸಿಯಾತು ಅವರು ಸರೋವರದ ದಡದಲ್ಲಿ ಬಾಲವಾಡಿ ನಡೆಸ್ತಾರೆ," ಎಂದು ಮಂಗೋಚಿ ಪೇಟೆಯ ರೇಡಿಯೋದ ತಮಾಂಡಾ ಮೈಕಿಗೆ ಹೇಳಿ, ಅವಳತ್ತ ತಿರುಗಿದಳು. "ಹೇಳಿ ಅಕ್ಕ, ಎರಡು ಮೂರು ವರ್ಷದ ಮಕ್ಕಳು ಏನು ಕಲೀತಾವೆ? ಬರೀ ಆಟ ಅಲ್ವಾ?"

ಅಸಿಯಾತು ಮೈಕನ್ನೇ ನೋಡಿದಳು. ಈ ಹೊತ್ತಿಗೆ ದಡದಲ್ಲಿ ಮೀನು ಒಣಗಿಸುವ ಹೆಂಗಸರೆಲ್ಲ ರೇಡಿಯೋ ಹಚ್ಚಿರುತ್ತಾರೆ. ದೋಣಿ, ಮೀನುಗಾರಿಕೆ ನೋಡಿಕೊಳ್ಳುವ ದಡದ ಸಮಿತಿಯ ಚೇರ್ಮನ್ ಬ್ವಾನಾಲಿಯ ಅಂಗಡಿಯಲ್ಲೂ ಅದು ಕೂಗುತ್ತಿರುತ್ತದೆ. ಊರವರೇ ಇಟ್ಟಿಗೆ ಹೊತ್ತು ಕಟ್ಟಿದ ಬಾಲವಾಡಿ ಕೋಣೆಗೆ ತನ್ನ ಒಣಮೀನಿನ ಮೂಟೆ ತುಂಬಿಸಿ ಬೀಗ ಜಡಿದವನು ಅವನೇ. ಅವಳ ಗಂಡ ಜಾಫಾಲಿ ಬಲೆ ಎಳೆಯುವುದೂ ಅವನ ದೋಣಿಯಲ್ಲಿಯೇ. ಬೆಳಿಗ್ಗೆ ಮಿನಿಬಸ್ಸು ಹತ್ತುವಾಗ ಬ್ವಾನಾಲಿ ಪಕ್ಕಕ್ಕೆ ಬಂದು ನಿಂತಿದ್ದ.

"ಪೇಟೆಗಾ ತಂಗಿ? ಹೋಗಿ ಬಾ. ನಿನ್ನ ಗಂಡನಿಗೆ ಈಜು ಬರುತ್ತೆ ತಾನೆ?"

ಅವನು ನಗುತ್ತಲೇ ಕೇಳಿದ್ದ.

"ಅಕ್ಕ?" ಎಂದಳು ತಮಾಂಡಾ.

"ಆಟಾನೇ," ಎಂದಳು ಅಸಿಯಾತು. ದನಿ ಯಾರದ್ದೋ ಅನ್ನಿಸಿತು. "ಕಲ್ಲು ಜೋಡಿಸ್ತಾವೆ. ದೊಡ್ಡದು ಯಾವ್ದು, ಚಿಕ್ಕದು ಯಾವ್ದು ಅಂತ ಜಗಳ ಆಡ್ತಾವೆ. ಜಗಳ ಆಡೋಕೆ ಮಾತು ಬೇಕಲ್ಲ, ಹಂಗೇ ಮಾತು ಬರುತ್ತೆ. ಮೀನು ಒಣಗಿಸೋ ನಮ್ಮ ಲುಕಿಯಾಳ ಮಗಳು ಮೊದಲು ಬಾಯೇ ಬಿಡ್ತಿರಲಿಲ್ಲ. ಆಮೇಲೆ ಅದೇನು, ಇದೇನು ಅಂತ ನನ್ನ ಜೀವ ತಿಂತಿದ್ಲು. ಅಂಥ ಮಗು ಶಾಲೆಗೆ ಹೋದ್ರೆ ಮೂಲೆ ಸೇರಲ್ಲ."

"ಈಗ ಹೇಗಿದಾಳೆ?"

"ಬಾಲವಾಡಿಗೆ ಬೀಗ ಬಿತ್ತಲ್ಲ. ತಾಯಂದಿರು ಮೀನಿನ ಕೆಲಸಕ್ಕೆ ಹೋದ್ರೆ ಮಕ್ಕಳು ನೀರಿನ ಹತ್ರಾನೇ. ಅವಳನ್ನ ನೀರಿಂದ ಎಳೆದು ತೆಗೆದ್ರು. ಬದುಕಿದಾಳೆ. ಮಾತು ಮತ್ತೆ ನಿಂತೋಗಿದೆ."

"ಬೀಗ ಹಾಕಿದ್ದು ಯಾರು?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸಮಿತಿ ಎಂದುಬಿಡೋಣ ಎಂದೇ ಬಂದಿದ್ದಳು. ಜಾಫಾಲಿ ಈಗ ನೀರಿನ ಮೇಲಿದ್ದಾನೆ. ಅವನ ಸುತ್ತ ಇರುವವರೆಲ್ಲ ಬ್ವಾನಾಲಿಯ ಆಳುಗಳು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಚೇರ್ಮನ್ ಬ್ವಾನಾಲಿ," ಎಂದಳು.

ಸಂಜೆ ಊರಿನಲ್ಲಿ ಇಳಿದಾಗ ಲುಕಿಯಾ ಎದುರು ಬಂದಳು. "ನೀನು ಹೆಸರು ಹೇಳ್ತಿದ್ದಂಗೆ ಬ್ವಾನಾಲಿ ಅಂಗಡಿ ರೇಡಿಯೋ ಆರಿಸಿದ. ಊರಿನ ರೇಡಿಯೋ ಎಲ್ಲಾ ಆರಿಸೋಕಾಗುತ್ತಾ? ನಾವೆಲ್ಲ ಹೋಗಿ ಅಂಗಡಿ ಮುಂದೆ ಸುಮ್ನೆ ನಿಂತ್ವಿ. ನೋಡಿ ನೋಡಿ ಸಾಕಾಗಿ ಬೀಗದಕೈ ಮಣ್ಣಿಗೆ ಎಸೆದ."

"ದೋಣಿ ಬಂತಾ?"

ಲುಕಿಯಾ ಸರೋವರದ ಕಡೆ ತಿರುಗಿ ನೋಡಿದಳು.

ಬೇರೆ ದೋಣಿಗಳು ಆಗಲೇ ದಡ ಸೇರಿದ್ದವು. ಅಸಿಯಾತು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಉಟ್ಟ ಬಟ್ಟೆ ತೊಯ್ದು ಕಾಲಿಗೆ ಸುತ್ತಿಕೊಂಡಿತು. ಆ ಹೆಸರು ನುಂಗಿಬಿಡಬಹುದಿತ್ತು, ಯಾರೂ ಬೈಯುತ್ತಿರಲಿಲ್ಲ ಎಂದು ಮತ್ತೆ ಮತ್ತೆ ಅನ್ನಿಸಿತು. ಬೆಳಕು ಇಳಿಯುತ್ತಿದ್ದಾಗ ದೋಣಿ ಕಾಣಿಸಿತು. ಅದರಲ್ಲಿದ್ದ ತಲೆಗಳನ್ನು ಎಣಿಸಲು ಅವಳಿಗೆ ಧೈರ್ಯ ಬರಲಿಲ್ಲ, ಕಣ್ಣು ಮುಚ್ಚಿದಳು.

"ಯಾಕೆ ಹಿಂಗೆ ನಿಂತಿದೀಯ, ಬಟ್ಟೆ ಎಲ್ಲ ನೆಂದಿದೆ," ಎಂಬ ಜಾಫಾಲಿಯ ದನಿ ಕೇಳಿಸಿತು. ಅವನ ಪಾಲಿನ ಮೀನು ಕೈಯಲ್ಲಿರಲಿಲ್ಲ. "ದೋಣಿಗೆ ಫೋನು ಬಂತು. ನಾಳೆಯಿಂದ ಬರಬೇಡ ಅಂದ್ರು. ಯಾಕೆ ಅಂತ ಒಬ್ಬನೂ ಬಾಯಿ ಬಿಡ್ಲಿಲ್ಲ. ಹೆಸರು ಹೇಳಿದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಅವಳ ತೋಳು ಹಿಡಿದು, "ನಡಿ, ಚಳಿ ಆಗುತ್ತೆ," ಎಂದ.

ಮರುದಿನ ಇಬ್ಬರೂ ಸೇರಿ ಮೂಟೆಗಳನ್ನು ಹೊರಗೆ ಹಾಕಿ ಬಾಲವಾಡಿ ಕೋಣೆಯ ನೆಲ ತಿಕ್ಕಿದರು. ಮೀನಿನ ವಾಸನೆ ಹೋಗಲಿಲ್ಲ. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತ ಒಳಗೆ ನುಗ್ಗಿದವು. ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೊರಗಿ ಕೂತಿದ್ದ ಜಾಫಾಲಿಯ ತೊಡೆಯ ಮೇಲೆ ಒಂದು ಮಗು ಆಗಲೇ ನಿದ್ದೆಹೋಗಿತ್ತು. ಹೊರಗೆ ಯಾರದೋ ಹೆಜ್ಜೆಗಳು ಹತ್ತಿರ ಬಂದು, ಒಂದು ಗಳಿಗೆ ನಿಂತು, ಮುಂದೆ ಹೋದವು. ಅಸಿಯಾತು ತನ್ನ ಚಾಪೆಯನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡು ಕೂತಳು. ಆಮೇಲೆ, ಒಂದು ಮೊಲ ಇತ್ತಂತೆ, ಎಂದು ಕತೆ ಶುರುಮಾಡಿದಳು.