ಅಕ್ತರ್ ಒಯ್ದ ಚಹಾ

ನೂರ್ಜಹಾನ್ ಬೀಬಿಯವರ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ, ಹಲ್ಲುನೋವು ಮಾತ್ರ ಉಳಿದಿತ್ತು. ಆ ನೋವಿಗೆ ಮದ್ದೆಂದು ಪ್ರತಿ ಶುಕ್ರವಾರ ಮಧ್ಯಾಹ್ನ ಮಹಡಿಯಲ್ಲಿ ಕೂತು ಒಂದು ಸಿಗಾರ್ ಸೇದುತ್ತಿದ್ದರು. ಮದ್ದಿಗೇನು ಕೊರತೆ? ಶಿವಾಜಿನಗರದ ಆ ಮನೆಯ ಕೆಳಗಡೆಯೇ ಸಿಗಾರ್ ಸುತ್ತುವ ಅವರ ಕಾರ್ಖಾನೆಯಿತ್ತು.

ಕಾರ್ಖಾನೆಗೆ ಮಗ ಅಕ್ತರನೇ ಯಜಮಾನ. ಯಜಮಾನಿಕೆಯೆಲ್ಲ ಬೋರ್ಡಿನ ಮೇಲೆ ಅಷ್ಟೆ. ಅಮ್ಮಿ ಸೇದಿ ‘ಹ್ಞೂಂ’ ಅನ್ನದೆ ಹೊಸ ಹೊಗೆಸೊಪ್ಪಿನ ಎಲೆಯ ಒಂದು ಸಿಗಾರೂ ಪೆಟ್ಟಿಗೆ ಸೇರುವಂತಿರಲಿಲ್ಲ. ಅಮ್ಮಿಯೋ, “ನಿಮ್ಮಬ್ಬಾ ಬಿಟ್ಟೋದ ದಿಂಡಿಗಲ್ ಎಲೆ ಬಿಟ್ರೆ ಬೇರೆ ಯಾವ್ದೂ ಬೇಡ” ಎಂದು ಪಟ್ಟು ಹಿಡಿದು ಕೂತವರು.

ತೊಂಬತ್ತಾರನೇ ಇಸವಿಯ ಹೊತ್ತಿಗೆ ತಮಿಳುನಾಡಿನಿಂದ ಅವರಿಗೆ ಸಿಗುತ್ತಿದ್ದ ದಿಂಡಿಗಲ್ ಎಲೆ ಮೊದಲಿನಂತಿರಲಿಲ್ಲ. ಹಳೇ ಗಿರಾಕಿಗಳು ಎರಡು ದಮ್ಮು ಎಳೆದು ಮುಖ ಸಿಂಡರಿಸುತ್ತಿದ್ದರು. ಹೀಗೇ ಬಿಟ್ಟರೆ ಅಬ್ಬಾ ಕಟ್ಟಿದ ಕಾರ್ಖಾನೆಗೆ ತನ್ನ ಕೈಯಾರೆ ಬೀಗ ಹಾಕಬೇಕಾದೀತೆಂದು ಅಕ್ತರನಿಗೆ ನಿಜಕ್ಕೂ ಭಯ. ಕದ್ದುಮುಚ್ಚಿ ಬ್ರೆಜಿಲ್ ದೇಶದ ಎಲೆ ತರಿಸಿ ಮಂಚದ ಕೆಳಗೆ ಬಚ್ಚಿಟ್ಟ. ಇಡೀ ಮನೆ ಘಮಘಮ ಅನ್ನುತ್ತಿದ್ದರೂ ಯಾರಿಗೂ ಗೊತ್ತಾಗಿಲ್ಲವೆಂದೇ ಅವನ ನಂಬಿಕೆ.

ಶುಕ್ರವಾರ ಬಂತು. ಬ್ರೆಜಿಲ್ ಎಲೆಯಲ್ಲಿ ಒಂದು ಸಿಗಾರ್ ಸುತ್ತಿ, ಅದಕ್ಕೆ ಹಳೇ ಕೆಂಪು ಕಾಗದದ ಉಂಗುರ ತೊಡಿಸಿದ. ಚಹಾ ಸೋಸುತ್ತಿದ್ದ ಹೆಂಡತಿ ಫಹ್ಮಿದಾಳ ಕೈಯಿಂದ ಕಪ್ಪನ್ನೂ ಕಿತ್ತುಕೊಂಡ.

“ರೀ, ನಾನೇ ಕೊಡ್ತೀನಿ ಬಿಡಿ. ನೀವ್ ಯಾವತ್ತು ಚಹಾ ಹೊತ್ತೋರು?”

ಅವನು ಕೇಳಿಸಿಕೊಳ್ಳದೆ ಮೆಟ್ಟಿಲು ಹತ್ತಿದ.

ಚಹಾ ಇಟ್ಟು, ಸಿಗಾರ್ ಕೊಟ್ಟು “ಹಳೇದೇ, ಅಮ್ಮಿ” ಅಂದ. ಯಾರೂ ಕೇಳಿರಲಿಲ್ಲ.

ಅಮ್ಮಿ ಸಾವಕಾಶವಾಗಿ ಸೇದಿದರು. ಹೊಗೆ ಬಿಟ್ಟು ಕಪ್ಪನ್ನೇ ನೋಡಿದರು.

“ಚಹಾ ನೀನ್ಯಾಕಪ್ಪಾ ತಂದೆ?”

ಅಕ್ತರನ ಕಿವಿ ಕೆಂಪಾಯಿತು.

“ನಿಮ್ಮಬ್ಬಾನೂ ಒಂದಿನ ಹಿಂಗೇ ತಂದಿದ್ರು” ಎಂದರು ಅಮ್ಮಿ. “ನಿಮ್ಮಜ್ಜನ ಕಾಲ್ದಿಂದ ನಮ್ಮದು ಬರ್ಮಾ ಎಲೆ. ಅದು ಬರೋದು ನಿಂತೋದಾಗ ದಿಂಡಿಗಲ್ ಎಲೆ ಸುತ್ತಿ, ಹಳೇದೇ ಅಂತ ಕೊಟ್ರು. ಹೆದರಿಕೆಗೆ ಅರ್ಧ ಚಹಾ ಮೆಟ್ಟಿಲ ಮೇಲೇ ಚೆಲ್ಕೊಂಡು ಬಂದಿದ್ರು. ಪಾಪ ಅನ್ನಿಸ್ತು, ಹ್ಞೂಂ ಅಂದ್ಬಿಟ್ಟೆ.”

ಅಕ್ತರ್ ಅಲ್ಲೇ ನೆಲದ ಮೇಲೆ ಕೂತ. “ದಿಂಡಿಗಲ್ಲೇ ಹೊಸದಾ? ಮತ್ತೆ ಇಷ್ಟು ವರ್ಷ ಅದೇ ಬೇಕು ಅಂತ ಯಾಕೆ ಹಟ ಹಿಡಿದ್ರಿ?”

“ಅಷ್ಟು ಹೆದರ್ಕೊಂಡು ತಂದಿದ್ರು ಕಣಪ್ಪಾ. ನಾನೇ ಬಿಟ್ಕೊಟ್ರೆ ಹೆಂಗೆ?”

ಅಬ್ಬಾ ಯಾರಿಗೂ ಹೆದರಿದ್ದನ್ನು ಅಕ್ತರ್ ಕಂಡಿರಲಿಲ್ಲ.

ಅಮ್ಮಿ ಚಹಾ ಕುಡಿದು ಮುಗಿಸಿ ಇನ್ನೊಂದು ದಮ್ಮು ಎಳೆದರು. “ಇದು ಯಾವೂರಿಂದು?”

“ಬ್ರೆಜಿಲ್.”

“ದಿಂಡಿಗಲ್‌ಗಿಂತ ದೂರಾನಾ?”

“ತುಂಬಾ ದೂರ, ಅಮ್ಮಿ. ಸಮುದ್ರ ದಾಟ್ಬೇಕು.”

“ದಿಂಡಿಗಲ್‌ಗೇ ಒಂದು ಕಪ್ಪು ಚಹಾ ಬೇಕಾಗಿತ್ತು” ಎಂದು ಅಮ್ಮಿ ಖಾಲಿ ಕಪ್ಪನ್ನು ಅವನ ಕೈಗಿಟ್ಟರು. “ಹೋಗು, ಇನ್ನೊಂದು ತಗೊಂಬಾ. ಆಮೇಲೆ ಹ್ಞೂಂ ಅಂತೀನಿ.”